ಲಡಾಖ್ ಸರೋವರದ ಹೂಳಿನಲ್ಲಿ ಹಳೇ ಮಳೆಯ ಲೆಕ್ಕ ಸಿಗುತ್ತಾ?

ಹಾಸನದ ಬುಲೆಟ್:
ಕಳೆದ ಆಗಸ್ಟ್‌ನಲ್ಲಿ ನಾವು ನಾಲ್ಕು ಜನ ಬೈಕಿನಲ್ಲಿ ಲಡಾಖ್‌ಗೆ ಹೋಗಿದ್ದೆವು. ತ್ಸೋ ಮೊರಿರಿ ಸರೋವರದ ದಡದ ಕೋರ್ಜೋಕ್ ಊರಲ್ಲಿ ಒಂದು ರಾತ್ರಿ ಉಳಿದೆವು. 4,500 ಮೀಟರ್ ಎತ್ತರ ಅಲ್ವಾ, ತಲೆನೋವಿಗೆ ಯಾರಿಗೂ ನಿದ್ದೆ ಇಲ್ಲ. ಹೋಂಸ್ಟೇ ಯಜಮಾನರು ಮಾತಿಗೆ ಕೂತು, ವಿಜ್ಞಾನಿಗಳು ಬಂದು ಸರೋವರದ ತಳಕ್ಕೆ ಪೈಪ್ ಚುಚ್ಚಿ ಕೆಸರು ತೆಗೆದುಕೊಂಡು ಹೋಗುತ್ತಾರೆ, ಸಾವಿರಾರು ವರ್ಷದ ಹಿಂದಿನ ಮಳೆ ಅದರಲ್ಲಿ ಗೊತ್ತಾಗುತ್ತದಂತೆ ಅಂದರು. ನಮ್ಮೂರ ಕೆರೆ ಹೂಳೆತ್ತುವಾಗ ನಾನೂ ನಿಂತು ನೋಡಿದ್ದೇನೆ. ಜೆಸಿಬಿ ಕಡಿದ ಕಡೆ ಪೂರ್ತಿ ಒಂದೇ ಕಪ್ಪು ಮಣ್ಣು, ನಡುವೆ ಒಂದು ಹವಾಯಿ ಚಪ್ಪಲಿ. ಇದರಿಂದ ಮಳೆ ಲೆಕ್ಕ ಹೇಗೆ ತೆಗೆಯುತ್ತಾರೆ? ಅದಕ್ಕೆ ಅಷ್ಟು ಎತ್ತರಕ್ಕೇ ಯಾಕೆ ಹೋಗಬೇಕು?

ಕೆಸರುಗಾಲು:
ಚಪ್ಪಲಿಯಲ್ಲೇ ಉತ್ತರ ಇದೆ ಸರ್. ನಮ್ಮ ಕೆರೆ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಎಮ್ಮೆ ಇಳಿಯುತ್ತದೆ, ರೈತರು ಗೋಡು ಅಂತ ಹೊತ್ತು ಹೊಲಕ್ಕೆ ಹಾಕುತ್ತಾರೆ. ಪದರ ಎಲ್ಲಿ ಉಳಿಯಬೇಕು ಹೇಳಿ. ತ್ಸೋ ಮೊರಿರಿ ನೂರು ಮೀಟರ್‌ವರೆಗೂ ಆಳ ಇದೆ, ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆಯ ಮುಚ್ಚಳ ಬೀಳುತ್ತದೆ, ಸುತ್ತ ಉಳುಮೆ ಇಲ್ಲವೇ ಇಲ್ಲ ಅನ್ನಬಹುದು. ಸಣ್ಣ ಕಣ ನಿಧಾನಕ್ಕೆ ಇಳಿದು ಒಂದರ ಮೇಲೊಂದು ಕೂರುತ್ತದೆ, ಯಾರೂ ಕಲಕುವುದಿಲ್ಲ.

ಇನ್ನೊಂದು, ಆ ಸರೋವರದಿಂದ ನೀರು ಹೊರಗೆ ಹರಿದು ಹೋಗುವುದಿಲ್ಲ. ಮಳೆ, ಹಿಮದ ನೀರು ಜಾಸ್ತಿ ಬಂದರೆ ಮಟ್ಟ ಏರುತ್ತದೆ. ಕಡಿಮೆಯಾದರೆ ಆವಿಯಾಗಿ ಇಳಿದು ಉಪ್ಪಾಗುತ್ತದೆ. ಹಾಗೆ ಉಪ್ಪು, ಸುಣ್ಣದ ಅಂಶ ಹೆಚ್ಚಾದ ನೀರಿನಿಂದ ಸುಣ್ಣ ಬೇರ್ಪಟ್ಟು ತಳಕ್ಕೆ ಬೀಳುತ್ತದೆ. ಡಯಾಟಂ ಅಂತ ಒಂದು ಪಾಚಿ ಇದೆ, ಕಣ್ಣಿಗೆ ಕಾಣದಷ್ಟು ಸಣ್ಣದು, ಅದರ ಚಿಪ್ಪು ಗಾಜಿನಂಥದ್ದು. ಸಿಹಿನೀರಿನ ಜಾತಿ ಬೇರೆ, ಉಪ್ಪುನೀರಿನ ಜಾತಿ ಬೇರೆ. ಯಾವ ಪದರದಲ್ಲಿ ಯಾವುದಿದೆ ಅಂತ ಎಣಿಸುತ್ತಾ ಹೋದರೆ ಸರೋವರ ಯಾವಾಗ ತುಂಬಿತ್ತು, ಯಾವಾಗ ಬತ್ತಿತ್ತು ಅಂತ ಹೊರಬೀಳುತ್ತದೆ. ಹೂವಿನ ಪರಾಗವೂ ಕೆಡದೆ ಉಳಿದಿರುತ್ತದೆ, ಆಗ ಸುತ್ತ ಯಾವ ಗಿಡ ಇತ್ತು ಅಂತ ಅದರಿಂದ ಗೊತ್ತಾಗುತ್ತದೆ.

ಓದುವಾಗ ಇಂಥ ಕೆಲಸಕ್ಕೆ ಸಹಾಯಕನಾಗಿ ಚಾಂಗ್‌ಥಾಂಗ್, ಅಂದರೆ ಈ ಸರೋವರಗಳಿರುವ ಎತ್ತರದ ಬಯಲಿನ ಕಡೆ ಹೋಗಿದ್ದೆ. ತೆಪ್ಪದ ನಡುವೆ ಒಂದು ತೂತು, ಅದರೊಳಗಿಂದ ಸಿರಿಂಜಿನ ಥರದ ಪೈಪು ಇಳಿಸಿ ಮೇಲಿಂದ ತೂಕ ಬಡಿದು ಕೆಸರಿಗೆ ಹೊಡೆಯುತ್ತಾರೆ. ಹೊಡೆಯುವುದು ಸುಲಭ, ಎಳೆಯುವುದೇ ಕಷ್ಟ. ಕೆಸರು ಪೈಪನ್ನು ಬಿಡುವುದೇ ಇಲ್ಲ. ಹತ್ತು ಸಲ ಹಿಡಿಕೆ ತಿರುಗಿಸಿದರೆ ಏದುಸಿರು, ಮಧ್ಯಾಹ್ನ ಆದಮೇಲೆ ಗಾಳಿ ಬೇರೆ. ಒಂದು ದಿನ ಪೂರ್ತಿ ಒದ್ದಾಡಿ ಮೇಲೆ ತಂದರೆ ಬಾಯಲ್ಲಿರುವ ತಡೆ ಸರಿಯಾಗಿ ಮುಚ್ಚಿರಲಿಲ್ಲ. ನಮ್ಮ ಕಣ್ಣೆದುರೇ ಒಂದು ಮೀಟರ್ ಕೆಸರು ಬುಳಕ್ ಅಂತ ವಾಪಸ್ ನೀರಿಗೆ. ಯಾರೂ ಮಾತಾಡಲಿಲ್ಲ.

ಸಿಕ್ಕಿದ್ದನ್ನು ಲ್ಯಾಬಿನಲ್ಲಿ ಉದ್ದಕ್ಕೆ ಸೀಳಿ ಒಂದು ಹೋಳು ಹಾಗೇ ಶೀತಲ ಕೋಣೆಯಲ್ಲಿ ಇಡುತ್ತಾರೆ, ಇನ್ನೊಂದರಲ್ಲಿ ಪರೀಕ್ಷೆ. ಸೀಳಿದಾಗ ಕೊಳೆತ ಮೊಟ್ಟೆ ವಾಸನೆ, ಬೂದು ಬಣ್ಣದ ಮೇಲೆ ಕಪ್ಪು ಗೆರೆಗಳು. ಗಾಳಿ ತಾಗಿದ ಕೂಡಲೇ ಆ ಕಪ್ಪು ಮಾಸಿ ಕಂದಾಗುತ್ತಾ ಹೋಗುತ್ತದೆ, ಅದಕ್ಕೇ ಮೊದಲು ಫೋಟೋ, ಆಮೇಲೆ ಚಹಾ.

ಮಲ್ಪೆ ಮಾರಾಯ:
ಅದೆಲ್ಲ ಸರಿ ಮಾರಾಯ್ರೆ, ಯಾವ ಪದರ ಎಷ್ಟು ವರ್ಷದ್ದು ಅಂತ ಯಾರು ಹೇಳಿದ್ದು? ಕಾರ್ಬನ್ ಡೇಟಿಂಗ್ ಅಂದುಬಿಟ್ಟರೆ ಮುಗಿಯಿತಾ?

ಕೆಸರುಗಾಲು:
ಮುಗಿಯುವುದಿಲ್ಲ, ಅಲ್ಲೇ ಜಗಳ ಶುರು. ಸತ್ತ ಗಿಡ, ಜೀವಿಯಲ್ಲಿರುವ ಇಂಗಾಲ ಎಷ್ಟು ಹಳೆಯದು ಅಂತ ಅಳೆಯುವುದೇ ಕಾರ್ಬನ್ ಡೇಟಿಂಗ್. ಸುತ್ತಲಿನ ಸುಣ್ಣಕಲ್ಲು ಕರಗಿ ಅದರಲ್ಲಿರುವ ತೀರಾ ಹಳೆಯ ಇಂಗಾಲ ನೀರಿಗೆ ಸೇರುತ್ತದೆ. ನೀರೊಳಗಿನ ಗಿಡ ಅದನ್ನೇ ತಿಂದು ಬೆಳೆಯುತ್ತದೆ. ನಿನ್ನೆ ಸತ್ತ ಗಿಡವನ್ನು ಪರೀಕ್ಷೆಗೆ ಕೊಟ್ಟರೂ ಸಾವಿರಾರು ವರ್ಷ ಹಳೆಯದು ಅಂತ ಬರಬಹುದು. ನೆಲದ ಮೇಲಿನ ಗಿಡದ ಎಲೆ, ಕಡ್ಡಿ ಸಿಕ್ಕರೆ ಈ ತೊಂದರೆ ಇಲ್ಲ, ಆದರೆ ಚಾಂಗ್‌ಥಾಂಗ್‌ನಲ್ಲಿ ಮರ ಎಲ್ಲಿಂದ ತರುವುದು?

ಹಾಗಾಗಿ ಮೇಲ್ಪದರದ ವಯಸ್ಸನ್ನು ಬೇರೆ ದಾರಿಯಲ್ಲಿ ಕಂಡುಕೊಳ್ಳುತ್ತಾರೆ. ಸೀಸ-210 ಅಂದರೆ ಕಾಲ ಕಳೆದಂತೆ ಕ್ಷಯಿಸುವ ವಿಕಿರಣಶೀಲ ಸೀಸ, ಅದು ಸುಮಾರು 100ರಿಂದ 150 ವರ್ಷದವರೆಗಿನ ಲೆಕ್ಕ ಕೊಡುತ್ತದೆ. ಸೀಸಿಯಂ-137 ಅಂದರೆ ಅಣುಬಾಂಬ್ ಪರೀಕ್ಷೆಗಳ ಧೂಳು, ಅದು 1963ರ ಸುಮಾರಿನ ಪದರದಲ್ಲಿ ಎದ್ದು ಕಾಣುತ್ತದೆ. ಅದೇ ಪದರದ ಕಾರ್ಬನ್ ವಯಸ್ಸು ಎಷ್ಟು ಹೆಚ್ಚು ತೋರಿಸುತ್ತದೋ ಅಷ್ಟನ್ನು ಕೆಳಗಿನ ಪದರಗಳಿಂದಲೂ ಕಳೆಯುತ್ತಾರೆ. ಎಂಟು ಸಾವಿರ ವರ್ಷದ ಹಿಂದೆಯೂ ವ್ಯತ್ಯಾಸ ಅಷ್ಟೇ ಇತ್ತು ಅಂತ ನಂಬಿಕೊಂಡು ಕಳೆಯುವುದು. ನನಗಂತೂ ಇದು ಇಡೀ ಕೆಲಸದ ದುರ್ಬಲ ಜಾಗ ಅನಿಸುತ್ತದೆ. ಏರಿಳಿತ ಇತ್ತು ಅನ್ನುವುದನ್ನು ನಂಬಿ, ಇಸವಿ ಹೇಳಿದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

ರಾತ್ರಿಪಾಳಿ:
ಪೈಪು ಹೊಡೆದರೆ ಕೆಲವು ಮೀಟರ್ ಅಷ್ಟೇ. ನಿಜವಾಗಿ ಬೋರ್ ಕೊರೆದದ್ದು ದಕ್ಷಿಣ ಅಮೆರಿಕದಲ್ಲಿ ನೋಡಿ. ಪೆರು-ಬೊಲಿವಿಯಾ ಗಡಿಯ ಟಿಟಿಕಾಕಾ ಸರೋವರ 3,810 ಮೀಟರ್ ಎತ್ತರದಲ್ಲಿದೆ. 2001ರಲ್ಲಿ ತೇಲುವ ದೋಣಿಕಟ್ಟೆ ಮೇಲೆ ರಿಗ್ ನಿಲ್ಲಿಸಿ 136 ಮೀಟರ್ ಹೂಳು ಕೊರೆದು ತೆಗೆದರು. ಸುಮಾರು 3,70,000 ವರ್ಷದ್ದು. ಹಿಮಯುಗ ಅಂದರೆ ಬರಗಾಲ ಅಂತ ನಾನು ತಿಳಿದಿದ್ದೆ, ನಮ್ಮ ಮುಂಗಾರು ಆಗ ಸೊರಗಿತ್ತು ಅನ್ನುವುದೂ ನಿಜ. ಅಲ್ಲಿ ಉಲ್ಟಾ. ಚಳಿ ಜೋರಿದ್ದಾಗ ಸರೋವರ ತುಂಬಿ ತುಳುಕಿದೆ, ಬೆಚ್ಚಗಾದಾಗ ಬತ್ತಿದೆ.

2015ರಲ್ಲಿ ಪೆರುವಿನ ಹುನಿನ್ ಸರೋವರ ಕೊರೆದರು, 4,000 ಮೀಟರಿಗೂ ಮೇಲೆ. ಹಿಮನದಿ ಬೆಳೆದಾಗ ಬಂಡೆ ಅರೆದ ಬೂದು ಹಿಟ್ಟು, ಹಿಂದೆ ಸರಿದಾಗ ಬಿಳಿ ಸುಣ್ಣ. ಏಳು ಲಕ್ಷ ವರ್ಷ ಹೀಗೇ ಪಟ್ಟೆ ಪಟ್ಟೆ.

ಹಾಸನದ ಬುಲೆಟ್:
ಥ್ಯಾಂಕ್ಸ್. ಹಾಗಾದರೆ ಲಡಾಖ್‌ನಲ್ಲಿ ಬರಿಗಣ್ಣಿಗೆ ಕಾಣುವಂಥದ್ದು ಏನೂ ಇಲ್ವಾ?

ಕೆಸರುಗಾಲು:
ಇದೆ. ವಾಪಸ್ ಬರುವಾಗ ತ್ಸೋ ಕಾರ್ ದಾಟಿದ್ದೀರಾ? ಆ ಉಪ್ಪು ಸರೋವರದ ಸುತ್ತ ಗುಡ್ಡದ ಮೈಮೇಲೆ, ಈಗಿನ ನೀರಿಗಿಂತ ಹತ್ತಾರು ಮೀಟರ್ ಮೇಲೆ, ಅಡ್ಡಕ್ಕೆ ಸಾಲು ಗೆರೆಗಳಿವೆ. ಅವು ಹಳೇ ದಡಗಳು.

ಹಾಸನದ ಬುಲೆಟ್:
ಅಯ್ಯೋ, ಫೋಟೋ ಇದೆ! ಕುರಿ ನಡೆದ ದಾರಿ ಅಂದುಕೊಂಡಿದ್ದೆ.