ಅಪ್‌ಡೇಟ್: ಟ್ರೈಲರ್ ಎಳೆಯುವ ಸೈಕಲ್ ಕೊನೆಗೂ ತಗೊಂಡೆ

ದಾವಣಗೆರೆಯಲ್ಲಿ ದಿನಸಿ ತರುವುದಕ್ಕೂ, ಮೂರು ವರ್ಷದ ಮಗಳನ್ನು ಟ್ರೈಲರ್‌ನಲ್ಲಿ ಕೂರಿಸಿ ಎಳೆಯುವುದಕ್ಕೂ ಆಗುವಂಥ ಒಂದೇ ಸೈಕಲ್ ಯಾವುದು ಅಂತ ಹೋದ ವಾರ ಕೇಳಿದ್ದೆನಲ್ಲ. ಸ್ಟೀಲ್ ಫ್ರೇಮ್, ಏಳು ಗೇರ್, ದಪ್ಪ ಟಯರ್ ಇರಲಿ ಅಂದವರ ಮಾತೇ ಸರಿಹೋಯಿತು. ಮುಂದೆ ಶಾಕ್ ಅಬ್ಸಾರ್ಬರ್ ಇರುವುದನ್ನೂ ಓಡಿಸಿ ನೋಡಿದೆ. ಜೋರಾಗಿ ತುಳಿದಾಗಲೆಲ್ಲ ಕುಗ್ಗುತ್ತೆ, ತೂಕವೂ ಜಾಸ್ತಿ, ಬೇಡ ಅನಿಸಿತು.

ನನಗೆ ಗೊತ್ತೇ ಇರಲಿಲ್ಲ, ಟ್ರೈಲರ್ ಕೊಂಡಿ ಕೂರುವುದು ಹಿಂದಿನ ಚಕ್ರದ ಎಡಗಡೆ ಆಕ್ಸಲ್‌ಗೆ, ಅಂದರೆ ಚಕ್ರದ ನಡುವಿನ ಅಚ್ಚಿಗೆ. ಅದನ್ನು ಸೇರಿಸಿದ ಮೇಲೆ ನಟ್ಟು ಹಿಡಿಯಲು ಎರಡೇ ಸುತ್ತು ಉಳಿದಿತ್ತು! ಹಾಗೇ ಓಡಿಸಬೇಡಿ, ದಯವಿಟ್ಟು. ಸೈಕಲ್ ರಿಪೇರಿಯವರು ಉದ್ದದ ಆಕ್ಸಲ್ ಹಾಕಿಕೊಟ್ಟರು, ಈಗ ಗಟ್ಟಿ ಇದೆ. ಬ್ರೇಕ್ ಮಾತ್ರ ಸ್ವಲ್ಪ ಮುಂಚೆಯೇ ಹಿಡಿಯಬೇಕು.

ಭಾನುವಾರ ಕುಂದವಾಡ ಕೆರೆಗೆ ಹೋಗಿದ್ದೆವು. ವಾಪಸ್ ಬರುವಾಗ ಮಗಳು ಬೆಲ್ಟ್ ಹಾಕಿಕೊಂಡೇ ನಿದ್ದೆ ಹೋಗಿದ್ದಳು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.