ಇಂಪ್ರೆಶನ್ ರಾಶಿ ಇದೆ, ಕ್ಲಿಕ್ ಮಾತ್ರ ಇಲ್ಲ – ಅಡಿಕೆ ಸೈಟ್‌ಗೆ ‘ಸಿಟಿಆರ್ ಬೂಸ್ಟ್’ ಸರ್ವಿಸ್ ತಗೋಬೋದಾ?

ತೋಟದಮನೆ:
ಎಲ್ರಿಗೂ ನಮಸ್ಕಾರ. ನಂದೊಂದು ಕನ್ನಡ ಸೈಟ್ ಇದೆ, ವರ್ಡ್‌ಪ್ರೆಸ್‌ದು, ಅಡಿಕೆ ಕಾಳುಮೆಣಸು ಏಲಕ್ಕಿ ಇಷ್ಟೇ ವಿಷಯ. ಅದ್ರಲ್ಲಿ ಅಡಿಕೆ ಕೊಳೆರೋಗದ ಪೇಜ್‌ದೇ ದೊಡ್ಡ ತಲೆನೋವು. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಹೋದ 3 ತಿಂಗಳಿಗೆ ನೋಡಿದ್ರೆ ಇಂಪ್ರೆಶನ್ (ರಿಸಲ್ಟಲ್ಲಿ ಕಾಣಿಸಿದ್ದು) 40 ಸಾವಿರದ ಹತ್ರ, ಕ್ಲಿಕ್ 400ರ ಆಸುಪಾಸು, ಅಂದ್ರೆ ಸಿಟಿಆರ್ (ಕಾಣಿಸಿದ್ದರಲ್ಲಿ ಕ್ಲಿಕ್ ಆದ ಪಾಲು) 1% ಅಷ್ಟೇ, ಆವರೇಜ್ ಪೊಸಿಶನ್ ಏಳೋ ಎಂಟೋ ತೋರಿಸ್ತದೆ. ಬಂದವರೂ ನಿಲ್ಲೋದಿಲ್ಲ, ಜಿಎ4 ಅಂದ್ರೆ ಗೂಗಲ್ ಅನಲಿಟಿಕ್ಸ್‌ನಲ್ಲಿ ಎಂಗೇಜ್‌ಮೆಂಟ್ ಟೈಮ್ 20 ಸೆಕೆಂಡ್ ದಾಟೋದೇ ಇಲ್ಲ.

ಈಗ ಒಬ್ರು ವಾಟ್ಸಾಪ್‌ನಲ್ಲಿ ಗಂಟುಬಿದ್ದಿದ್ದಾರೆ. ತಿಂಗಳಿಗಿಷ್ಟು ಅಂತ ಕೊಟ್ರೆ ‘ರಿಯಲ್ ಮೊಬೈಲ್’ಗಳಿಂದ ಜನ ಗೂಗಲ್‌ನಲ್ಲಿ ಹುಡುಕಿ ನಮ್ಮ ಲಿಂಕನ್ನೇ ಒತ್ತಿ ಎರಡು ನಿಮಿಷ ಪೇಜಲ್ಲಿ ಇರ್ತಾರಂತೆ, ಆಗ ರ್‍ಯಾಂಕ್ ತಾನಾಗಿ ಮೇಲೆ ಬರ್ತದಂತೆ. ಕ್ಲಿಕ್ ನೋಡಿಯೇ ರ್‍ಯಾಂಕ್ ಕೊಡೋದು ಅಂತ ಗೂಗಲ್ ಕೋರ್ಟಲ್ಲೇ ಒಪ್ಕೊಂಡಿದೆ ಅಂತಾರೆ. ನಿಜವಾ? ಮಳೆ ಹಿಡಿಯೋದ್ರೊಳಗೆ ಏನಾದ್ರೂ ಮಾಡ್ಬೇಕು, ನಮ್ಮ ಸೀಸನ್ನೇ ಅದು.

ಹಳೇ_ಬ್ಲಾಗರ್:
ದುಡ್ಡು ಕೊಡೋಕೆ ಮುಂಚೆ ಇಲ್ಲಿ ಕೇಳಿದ್ದು ಒಳ್ಳೇದಾಯ್ತು.

ಅವ್ರು ಹೇಳಿದ್ದು ಅರ್ಧ ನಿಜ, ಮಾರಾಟ ಆಗೋದೂ ಆ ಅರ್ಧದಿಂದ್ಲೇ. ಅಮೆರಿಕದಲ್ಲಿ ಗೂಗಲ್ ಮೇಲೆ ನಡೆದ ಏಕಸ್ವಾಮ್ಯದ ಕೇಸಲ್ಲಿ 2023ರಲ್ಲಿ ಗೂಗಲ್‌ನ ಪಾಂಡು ನಾಯಕ್ ಸಾಕ್ಷಿ ಹೇಳಿದಾಗ ನ್ಯಾವ್‌ಬೂಸ್ಟ್ ಅನ್ನೋ ಸಿಸ್ಟಮ್ ಹೊರಗೆ ಬಂತು, ಜನ ಯಾವ ಹುಡುಕಾಟಕ್ಕೆ ಯಾವ ರಿಸಲ್ಟ್ ಒತ್ತಿದ್ರು ಅನ್ನೋ ಡೇಟಾ ಇಟ್ಕೊಂಡು ಕೆಲಸ ಮಾಡುತ್ತೆ ಅದು. 2024ರ ಮೇನಲ್ಲಿ ಗೂಗಲ್‌ನ ಒಳಗಿನ ಎಪಿಐ ಡಾಕ್ಯುಮೆಂಟ್ ಲೀಕ್ ಆದಾಗ ಅದ್ರಲ್ಲಿ ಗುಡ್‌ಕ್ಲಿಕ್ಸ್, ಬ್ಯಾಡ್‌ಕ್ಲಿಕ್ಸ್, ಲಾಸ್ಟ್‌ಲಾಂಗೆಸ್ಟ್‌ಕ್ಲಿಕ್ಸ್ ಅಂತೆಲ್ಲ ಹೆಸ್ರು ಇದ್ವು. ಹಂಗಾಗಿ ಕ್ಲಿಕ್‌ಗೆ ಲೆಕ್ಕವೇ ಇಲ್ಲ ಅಂತ ಈಗ ಯಾರೂ ವಾದ ಮಾಡಲ್ಲ.

ಆದ್ರೆ ಅದೇ ಸಾಕ್ಷಿಯ ಇನ್ನೊಂದು ತುದಿ ಆ ವಾಟ್ಸಾಪ್ ಅಣ್ಣ ಹೇಳಿರಲ್ಲ. ನ್ಯಾವ್‌ಬೂಸ್ಟ್ ನೋಡೋದು 13 ತಿಂಗಳ ಡೇಟಾ. ನಿಮ್ಮ ಬಾಡಿಗೆ ಕ್ಲಿಕ್ಕು ಒಂದು ತಿಂಗಳು ಬಂದು ನಿಂತು ಹೋದ್ರೆ ಎಷ್ಟು ಉಳೀತು? ಜೊತೆಗೆ ಆ ಲೀಕ್‌ನಲ್ಲೇ ಕ್ಲಿಕ್ಕನ್ನ ‘ಸ್ಕ್ವಾಶ್’ ಮಾಡೋ ಮಾತೂ ಇದೆ, ಅಂದ್ರೆ ಒಂದೇ ಕಡೆಯಿಂದ ದಂಡಿಯಾಗಿ ಸುರಿದ್ರೆ ಅದ್ರ ತೂಕ ಇಳಿಸೋದು. ಮೆಷಿನ್‌ನಿಂದ ಸರ್ಚ್ ಮಾಡಿಸೋದು ಅವರ ಸ್ಪ್ಯಾಮ್ ಪಾಲಿಸಿಗೇ ವಿರುದ್ಧ, ಅದು ಬೇರೆ. ಇಷ್ಟೆಲ್ಲ ಬಿಡಿ, ಸುಳ್ಳು ಕ್ಲಿಕ್ ಸೇರಿದ ಮೇಲೆ ನಿಮ್ಮದೇ ಸರ್ಚ್ ಕನ್ಸೋಲ್ ನಂಬೋ ಹಾಗಿರಲ್ಲ, ಆಮೇಲೆ ಯಾವ ಟೈಟಲ್ ಕೆಲಸ ಮಾಡ್ತು ಅಂತ ನೀವು ನೋಡೋದಾದ್ರೂ ಯಾವುದ್ರಲ್ಲಿ.

ಪೇಜಿನ ಟೈಟಲ್ ಏನಿದೆ, ಮೊದಲ ಪ್ಯಾರಾ ಏನಿದೆ, ಹಂಗಂಗೇ ಇಲ್ಲಿ ಹಾಕಿ.

ಬೆಂಗ್ಳೂರ್_ಡೆವ್:
+1. ಇನ್ನೊಂದು ವಿಷ್ಯ, ಆ 1% ನಂಬಿಕೊಂಡು ಏನೂ ಮಾಡ್ಬೇಡಿ. ಮಾರ್ಚಿಂದ ಮೇ ತನಕ 40 ಸಾವಿರ ಸಲ ಕೊಳೆರೋಗ ಹುಡುಕೋರು ಯಾರಿದ್ದಾರೆ ಸ್ವಾಮಿ, ಆಗ ತೋಟಕ್ಕೆ ನೀರು ಬಿಡೋ ಕಾಲ. ಆ ಇಂಪ್ರೆಶನ್ ಬೇರೆ ಯಾವುದಕ್ಕೋ ಬರ್ತಿದೆ.

ಪರ್ಫಾರ್ಮೆನ್ಸ್ ರಿಪೋರ್ಟಲ್ಲಿ ಆ ಒಂದು ಪೇಜ್ ಮಾತ್ರ ಫಿಲ್ಟರ್ ಮಾಡಿ. ಆಮೇಲೆ ಕ್ವೆರಿ (ಜನ ಹುಡುಕಿದ ಮಾತು) ಫಿಲ್ಟರ್‌ಗೆ ಹೋಗಿ ಕಸ್ಟಮ್ ರೀಜೆಕ್ಸ್ (ಅಕ್ಷರದ ಮಾದರಿ ಕೊಟ್ಟು ಸೋಸೋದು) ಆರಿಸಿ ಇಷ್ಟೇ ಟೈಪ್ ಮಾಡಿ:

[ಅ-ಹ]

ಕನ್ನಡ ಅಕ್ಷರದಲ್ಲಿ ಹುಡುಕಿದ್ದೆಲ್ಲ ಒಂದು ಕಡೆ ಬರುತ್ತೆ. ಅದನ್ನೇ ‘ಡಸಂಟ್ ಮ್ಯಾಚ್’ ಅಂತ ಬದಲಾಯಿಸಿದ್ರೆ ಇಂಗ್ಲಿಷ್ ಅಕ್ಷರದಲ್ಲಿ ಕಂಗ್ಲಿಷ್ ಟೈಪ್ ಮಾಡಿದೋರು ಸಿಗ್ತಾರೆ. ಎರಡೂ ಲಿಸ್ಟನ್ನ ಇಂಪ್ರೆಶನ್ ಪ್ರಕಾರ ಸಾರ್ಟ್ ಮಾಡಿ ಮೇಲಿನ ಹತ್ತಿಪ್ಪತ್ತು ಸಾಲು ನೋಡಿ. ಎರಡನ್ನೂ ಕೂಡಿದ್ರೆ ಒಟ್ಟು ಮೊತ್ತ ಬರ್ಲಿಲ್ಲ ಅಂತ ಗಾಬರಿ ಬೇಡ, ತೀರಾ ಕಮ್ಮಿ ಜನ ಹುಡುಕಿದ ಕ್ವೆರಿಗಳನ್ನ ಗೂಗಲ್ ಪ್ರೈವೆಸಿಗೆ ಅಂತ ಬಚ್ಚಿಡುತ್ತೆ, ಫಿಲ್ಟರ್ ಹಾಕಿದ ಕೂಡ್ಲೇ ಅವು ಲೆಕ್ಕದಿಂದ ಹೊರಗೆ ಹೋಗ್ತವೆ.

ತೋಟದಮನೆ:
ಮಾಡಿದೆ. ಎರಡೂ ಲಿಸ್ಟಲ್ಲಿ ಮೇಲೆ ಇರೋದು ಧಾರಣೆ ಮಾರಾಯ್ರೆ! ‘ಇಂದಿನ ಅಡಿಕೆ ಧಾರಣೆ’, ‘ಶಿವಮೊಗ್ಗ ರಾಶಿ ಅಡಿಕೆ ರೇಟ್’, ‘ಬೆಟ್ಟೆ ಅಡಿಕೆ ಬೆಲೆ’, ಇದೇ. ಕೊಳೆರೋಗ ಕೆಳಗೆಲ್ಲೋ ಇದೆ. ಧಾರಣೆ, ರೇಟ್, ಬೆಲೆ ಇವಿಷ್ಟನ್ನ ತೆಗೆದು ನೋಡಿದ್ರೆ ಉಳಿದಿದ್ದರ ಸಿಟಿಆರ್ 4% ಮೇಲೇ ಇದೆ. ಪೇಜಿನ ಸೈಡ್‌ಬಾರಲ್ಲಿ ಮಾರುಕಟ್ಟೆ ದರದ ಒಂದು ವಿಜೆಟ್ ಇದೆ, ಅದ್ರಿಂದ ಬಂದಿರ್ಬೇಕು.

ಟೈಟಲ್: ‘ಕೊಳೆರೋಗ ನಿಯಂತ್ರಣ – ಸಂಪೂರ್ಣ ಮಾಹಿತಿ, ಲಕ್ಷಣಗಳು, ಕಾರಣಗಳು ಮತ್ತು ಪರಿಹಾರೋಪಾಯಗಳ ಸಮಗ್ರ ವಿವರ’

ಮೊದಲ ಪ್ಯಾರಾ: ‘ಅಡಿಕೆಯು ನಮ್ಮ ಸಂಸ್ಕೃತಿಯ ಅವಿಭಾಜ್ಯ ಅಂಗವಾಗಿದ್ದು ಶುಭಕಾರ್ಯಗಳಲ್ಲಿ ವಿಶೇಷ ಸ್ಥಾನ ಪಡೆದಿದೆ...’

ಮಲ್ನಾಡ್_ಹುಡ್ಗಿ:
ಅಯ್ಯೋ ಅವಿಭಾಜ್ಯ ಅಂಗ 😂 ಅಡಿಕೆ ಕೊನೆಗೆ ಕೊಳೆ ಬಿದ್ದು ಕಾಯಿ ಉದುರ್ತಿರೋನು ತಾಂಬೂಲದ ಮಹತ್ವ ಓದ್ತಾನಾ?

ನಮ್ಮನೆಲೂ ತೋಟ ಇದೆ ಅದಕ್ಕೆ ಹೇಳ್ತೀನಿ, ಈ ಪೇಜಿಗೆ ಬರೋರು ಎರಡೇ ಥರ. ಒಬ್ರು ‘ಅಳತೆ ಎಷ್ಟು’ ಅನ್ನೋರು, ಅಲ್ಲಿ ಡ್ರಮ್ ಹತ್ರ ಕೊನೆಗೌಡ (ಮರ ಹತ್ತೋನು) ನಿಂತಿದ್ದಾನೆ, ಮೋಡ ಕಟ್ತಾ ಇದೆ, ಕೈಯೆಲ್ಲ ಸುಣ್ಣ, ಒಂದು ಬೆರಳಲ್ಲಿ ಮೊಬೈಲ್ ಒತ್ತಿ ನೋಡೋರು. ಇನ್ನೊಬ್ರು ‘ಎರಡನೇ ಸಲ ಯಾವಾಗ’ ಅನ್ನೋರು. ಅವರಿಗೆ ಬೇಕಾಗಿದ್ದನ್ನ ಮೊದಲ ನಾಲ್ಕು ಸಾಲಲ್ಲೇ ಹಾಕಿ:

1% ಬೋರ್ಡೋ ದ್ರಾವಣಕ್ಕೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು. ತುತ್ತು 50 ಲೀಟರಲ್ಲಿ, ಸುಣ್ಣ 50 ಲೀಟರಲ್ಲಿ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸೋದು, ಪ್ಲಾಸ್ಟಿಕ್ ಡ್ರಮ್ಮೇ ಆಗ್ಬೇಕು. ಉಜ್ಜಿದ ಕತ್ತಿ ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಹಿಡಿದ್ರೆ ಇನ್ನೂ ಸುಣ್ಣದ ತಿಳಿ ಹಾಕ್ಬೇಕು. ಮಾಡಿದ ದಿನವೇ ಹೊಡೀಬೇಕು. ಮೊದಲನೇದು ಮಳೆಗಾಲ ಶುರುವಾಗೋಕೆ ಮುಂಚೆ, ಎರಡನೇದು 40-45 ದಿನ ಬಿಟ್ಟು.

ಕಾರಣ, ಲಕ್ಷಣ, ಫೈಟೋಫ್ತೊರಾ ಅನ್ನೋ ರೋಗಾಣುವಿನ ಪುರಾಣ ಎಲ್ಲ ಕೆಳಗೆ ಇರ್ಲಿ, ಬೇಕಾದೋರು ಓದ್ತಾರೆ. ಮತ್ತೆ ಪದಗಳು! ದಕ್ಷಿಣ ಕನ್ನಡದ ಕಡೆ ಕೊಳೆರೋಗಕ್ಕೆ ಮಹಾಳಿ ಅಂತಾರೆ, ‘ಮದ್ದು ಬಿಡೋದು’ ಅಂತಾರೆ, ನಾವು ‘ಔಷಧಿ ಹೊಡಿಯೋದು’ ಅಂತೀವಿ. ‘ನಿಯಂತ್ರಣೋಪಾಯ’ ಅಂತ ಗೂಗಲ್‌ನಲ್ಲಿ ಟೈಪ್ ಮಾಡೋನು ಯಾರೂ ಇಲ್ಲ.

ಹಳೇ_ಬ್ಲಾಗರ್:
ಇದ್ರಲ್ಲೇ ಮುಕ್ಕಾಲು ಮುಗೀತು. ಟೈಟಲ್‌ಗೆ ನನ್ನ ಸಲಹೆ: ‘ಅಡಿಕೆ ಕೊಳೆರೋಗ, ಮಹಾಳಿ: 1% ಬೋರ್ಡೋ ಅಳತೆ ಮತ್ತು ಹೊಡೆಯೋ ಸಮಯ’. ಮೊಬೈಲಲ್ಲಿ ಟೈಟಲ್ ಕತ್ತರಿಸಿದ್ರೂ ‘ಬೋರ್ಡೋ ಅಳತೆ’ ತನಕ ಕಾಣ್ಬೇಕು, ಕತ್ತರಿ ಬೀಳೋದು ಅಗಲದ ಲೆಕ್ಕದಲ್ಲಿ, ಕನ್ನಡ ಅಕ್ಷರ ಅಗಲ ಜಾಸ್ತಿ ತಗೊಳುತ್ತೆ. ಎಚ್1 ಅಂದ್ರೆ ಪೇಜಿನ ಮುಖ್ಯ ಹೆಡಿಂಗೂ ಇದೇ ಅರ್ಥದ್ದು ಇರ್ಲಿ, ಯಾಕಂದ್ರೆ 2021ರ ಆಗಸ್ಟಿಂದ ಗೂಗಲ್‌ಗೆ ನಮ್ಮ ಟೈಟಲ್ ಹಿಡಿಸ್ದೇ ಇದ್ರೆ ಎಚ್1 ಥರದ ಪೇಜಿನ ಬೇರೆ ಪದಗಳನ್ನ ಎತ್ಕೊಂಡು ತಾನೇ ಟೈಟಲ್ ಕಟ್ಟೋದು ಹೆಚ್ಚಾಗಿದೆ. ಉದ್ದುದ್ದ ಟೈಟಲ್, ಒಂದೇ ಮಾತು ಮೂರು ಸಲ ಇರೋ ಟೈಟಲ್ ಕಂಡ್ರೆ ಬಿಡೋದೇ ಇಲ್ಲ.

ಇಂಗ್ಲಿಷ್ ಅಕ್ಷರದಲ್ಲಿ ಹುಡುಕೋರಿಗೆ ಟೈಟಲ್ ಕೆಡಿಸ್ಬೇಡಿ, ಪೇಜ್ ಒಳಗೆ ಒಂದು ಕಡೆ ಕೊಳೆರೋಗ ಅನ್ನೋದನ್ನ ಇಂಗ್ಲಿಷ್ ಲಿಪಿಯಲ್ಲೂ ಸಹಜವಾಗಿ ಬರೀರಿ ಸಾಕು. ಪೇಜಿನ ಕೋಡ್ ಒಳಗಿರೋ ಕೀವರ್ಡ್ ಮೆಟಾ ಟ್ಯಾಗ್ ತುಂಬಿಸೋಕೆ ಮಾತ್ರ ಹೋಗ್ಬೇಡಿ, ಅದನ್ನ ನೋಡಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ, ನಮ್ಮ ಕನ್ನಡ ಬ್ಲಾಗರ್‌ಗಳು ಇನ್ನೂ ಶ್ರದ್ಧೆಯಿಂದ ತುಂಬಿಸ್ತಾನೇ ಇದ್ದಾರೆ.

ತೋಟದಮನೆ:
ಒಂದು ಡೌಟು. ಉತ್ತರ ಮೇಲೇ ಕೊಟ್ಬಿಟ್ರೆ ಜನ 15 ಸೆಕೆಂಡಲ್ಲಿ ನೋಡ್ಕೊಂಡು ಹೋಗ್ತಾರಲ್ಲ, ಎಂಗೇಜ್‌ಮೆಂಟ್ ಇನ್ನೂ ಬೀಳೋದಿಲ್ವಾ?

ಸರ್ವರ್_ಬಸು:
ಬೀಳ್ಲಿ ಬಿಡ್ರಿ! ಅಳತಿ ಸಿಕ್ತು, ಮೊಬೈಲ್ ಕಿಸೇಕ ಹಾಕ್ಕೊಂಡು ಕೆಲಸಕ್ಕ ಹೋದ, ಅವ ಖುಷಿ. ತಾಪತ್ರಯ ಇರೋದು ಹಿಂದಕ್ಕ ಗೂಗಲ್‌ಗೆ ಹೋಗಿ ಕೆಳಗಿನ ಲಿಂಕ್ ಒತ್ತೋನ ಕಡೆ. ಮ್ಯಾಲೆ ಹೇಳಿದ ಲಾಸ್ಟ್‌ಲಾಂಗೆಸ್ಟ್ ಅನ್ನೋ ಹೆಸರಿನ ಅರ್ಥನೂ ಅದೇ ಇರಬೇಕು ಅಂತ ನನ್ನ ತಿಳುವಳಿಕಿ, ಕಡೀಗೆ ಒತ್ತಿ ಅಲ್ಲೇ ನಿಂತಿದ್ದು ಯಾವುದು ಅಂತ. ಜಿಎ4 ಡೇಟಾ ರ್‍ಯಾಂಕಿಂಗ್‌ಗೆ ಬಳಸಂಗಿಲ್ಲ ಅಂತ ಗೂಗಲ್‌ನವ್ರು ಭಾಳ ಸಲ ಹೇಳ್ಯಾರ. ಜಿಎ4ದಾಗ 10 ಸೆಕೆಂಡ್ ದಾಟಿದ್ರ ಅದು ಎಂಗೇಜ್ಡ್ ಸೆಶನ್ನೇ, ಸರಾಸರಿ ಟೈಮ್ ಬಿಟ್ಟು ಎಂಗೇಜ್‌ಮೆಂಟ್ ರೇಟ್ ನೋಡ್ರಿ.

ನಾ ನಿಮ್ಮ ಪೇಜ್ ನನ್ನ ಹಳೇ ಫೋನ್‌ನಾಗ ತೆಗೆದೆ. ಮೊದ್ಲು ನೋಟಿಫಿಕೇಶನ್ ಅಲೋ ಮಾಡ್ರಿ ಅಂತು, ಅದನ್ನ ತೆಗೆಯೂದ್ರಾಗ ವಾಟ್ಸಾಪ್ ಗ್ರೂಪ್ ಸೇರ್ರಿ ಅಂತ ಪೂರಾ ಸ್ಕ್ರೀನ್ ತುಂಬ ಪಾಪಪ್, ಅದರ ಗುಣಾಕಾರ ಚಿಹ್ನಿ ಒತ್ತೋ ಹೊತ್ತಿಗೆ ಮ್ಯಾಲೆ ಜಾಹೀರಾತು ಲೋಡ್ ಆಗಿ ಎಲ್ಲಾ ಕೆಳಗ ಜಾರಿ ನಾ ಒತ್ತಿದ್ದು ಜಾಹೀರಾತಿಗೆ! ಆಮ್ಯಾಲ ಅಕ್ಷರ ಒಂದ್ಸಲ ಸಣ್ಣಾಗಿ ಬಂದು ಗಪ್ಪನೆ ದೊಡ್ಡಾದ್ವು, ಅದು ವೆಬ್‌ಫಾಂಟ್ ಕಾಟ. ಜನ ನಿಲ್ಲಂಗಿಲ್ಲ ಅಂದ್ರ ಹೆಂಗ ನಿಲ್ತಾರ್ರಿ?

ಮಾಡಬೇಕಾದ್ದು: ಎರಡೂ ಪಾಪಪ್ ಕಿತ್ತು ಒಗೀರಿ. ಆಟೋ ಆ್ಯಡ್ಸ್ (ಜಾಹೀರಾತು ತಾನ ಜಾಗ ಹಿಡಿಯೋದು) ಬಂದ್ ಮಾಡಿ, ಜಾಹೀರಾತಿನ ಜಾಗಕ್ಕ ಮೊದಲ ಎತ್ತರ ಫಿಕ್ಸ್ ಮಾಡಿ ಇಡ್ರಿ. ಕನ್ನಡ ವೆಬ್‌ಫಾಂಟ್ ಬಾಡಿ ಟೆಕ್ಸ್ಟ್‌ನಿಂದ ತೆಗೀರಿ, ಆಂಡ್ರಾಯ್ಡ್ ಫೋನ್‌ನಾಗ ನೋಟೋ ಕನ್ನಡ ಹೆಂಗೂ ಐತಿ, ಅದನ್ನ ಮತ್ತ ಇಳಿಸೋದು ಯಾಕ. ಹೆಡಿಂಗಿಗೆ ಬೇಕ ಅಂದ್ರ ಒಂದ ವೇಟ್ (ಅಕ್ಷರದ ದಪ್ಪ) ಇಟ್ಕೊಳ್ರಿ. ಗುರಿ ಇಷ್ಟು: ಎಲ್‌ಸಿಪಿ (ಮುಖ್ಯ ಭಾಗ ಕಾಣೋ ಹೊತ್ತು) 2.5 ಸೆಕೆಂಡ್ ಒಳಗ, ಐಎನ್‌ಪಿ (ಒತ್ತಿದ್ದಕ್ಕ ಪೇಜ್ ಸ್ಪಂದಿಸೋ ಹೊತ್ತು) 200 ಮಿಲಿಸೆಕೆಂಡ್ ಒಳಗ, ಸಿಎಲ್‌ಎಸ್ (ಪೇಜ್ ಜಾರೋ ಪ್ರಮಾಣ) 0.1 ಒಳಗ. ಸಣ್ಣ ಸೈಟಿಗೆ ಸರ್ಚ್ ಕನ್ಸೋಲ್ ‘ಸಾಕಷ್ಟು ಡೇಟಾ ಇಲ್ಲ’ ಅಂತೈತಿ, ಆಗ ಲೈಟ್‌ಹೌಸ್ ಅನ್ನೋ ಗೂಗಲ್‌ನ ಪರೀಕ್ಷೆ ಓಡಿಸ್ರಿ, ಅದಕ್ಕಿಂತ ಛಲೋ ಅಂದ್ರ ಎರಡು ಕಡ್ಡಿ ಸಿಗ್ನಲ್ ಇರೋ ಜಾಗಕ್ಕ ಹೋಗಿ ನೀವ ತೆಗೆದು ನೋಡ್ರಿ.

ಬೆಂಗ್ಳೂರ್_ಡೆವ್:
ಧಾರಣೆ ವಿಜೆಟ್ ಕೊಳೆರೋಗದ ಪೇಜಿಂದ ತೆಗೆದು ಅದಕ್ಕೇ ಒಂದು ಬೇರೆ ಪೇಜ್ ಮಾಡಿ, ದಿನಾ ಅಪ್‌ಡೇಟ್ ಮಾಡೋ ತಾಕತ್ತು ಇದ್ರೆ ಮಾತ್ರ. ಹಳೇ ರೇಟ್ ಇರೋ ಧಾರಣೆ ಪೇಜಿಗಿಂತ ಇಲ್ಲದೇ ಇರೋದು ವಾಸಿ.

ಆಮೇಲೆ ನಿಮ್ಮ ಯುಆರ್‌ಎಲ್ ಕನ್ನಡದಲ್ಲಿದೆ, ಅರ್ಧಕ್ಕೇ ಕಡಿದುಹೋಗಿದೆ ನೋಡಿದ್ರಾ? ವರ್ಡ್‌ಪ್ರೆಸ್ ಸ್ಲಗ್‌ಗೆ (ಯುಆರ್‌ಎಲ್‌ನ ಕೊನೆಯ ಹೆಸರು) 200 ಕ್ಯಾರೆಕ್ಟರ್ ಮಿತಿ, ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆ ಎನ್ಕೋಡ್ ಆದಾಗ 9 ಕ್ಯಾರೆಕ್ಟರ್ ತಿನ್ನುತ್ತೆ, ಹಂಗಾಗಿ 22 ಚಿಹ್ನೆಗೆ ಕತ್ತರಿ. ಕಾಗುಣಿತದ ಗುರುತು, ಒತ್ತು ಎಲ್ಲ ಅದ್ರಲ್ಲೇ ಲೆಕ್ಕ. ವಾಟ್ಸಾಪಲ್ಲಿ ಪೇಸ್ಟ್ ಮಾಡಿದ್ರೆ ಪರ್ಸೆಂಟ್ ಚಿಹ್ನೆಗಳ ಮಾಲೆ ಥರ ಕಾಣುತ್ತೆ, ಎಷ್ಟೋ ಜನ ವೈರಸ್ ಅಂತ ಒತ್ತಲ್ಲ. ಆದ್ರೆ ಈ ಹಳೇ ಪೇಜಿಂದು ಈಗ ಮುಟ್ಬೇಡಿ, ಸೀಸನ್ ಎದುರಿಗಿದೆ. ಹೊಸ ಪೋಸ್ಟ್‌ಗಳಿಗೆ ಚಿಕ್ಕ ಇಂಗ್ಲಿಷ್ ಲಿಪಿ ಸ್ಲಗ್ ಕೊಡಿ.

ಕೊನೇದಾಗಿ ಹೋಲಿಕೆ ಮಾಡೋವಾಗ ಮೇ ಜೊತೆ ಜುಲೈ ಹೋಲಿಸ್ಬೇಡಿ, ಮಳೆ ಬಂದ್ರೆ ಕ್ಲಿಕ್ ತಾನಾಗೇ ಏರುತ್ತೆ, ಅದು ನಿಮ್ಮ ಟೈಟಲ್ ಮಹಿಮೆ ಅಲ್ಲ. ಹೋದ ವರ್ಷದ ಅದೇ ವಾರಗಳ ಜೊತೆ ನೋಡಿ, 16 ತಿಂಗಳ ಡೇಟಾ ಇರುತ್ತೆ. ಒಂದು ಎಚ್ಚರ ಏನಂದ್ರೆ 2025ರ ಸೆಪ್ಟೆಂಬರಲ್ಲಿ ಒಂದೇ ಪುಟಕ್ಕೆ 100 ರಿಸಲ್ಟ್ ತೋರಿಸೋ ಪ್ಯಾರಾಮೀಟರ್ ಗೂಗಲ್ ನಿಲ್ಲಿಸ್ತು, ಆಗ ಸುಮಾರು ಸೈಟ್‌ಗಳಲ್ಲಿ ಇಂಪ್ರೆಶನ್ ಬಿದ್ದು ಪೊಸಿಶನ್ ಚೆನ್ನಾದ ಹಾಗೆ ಕಾಣ್ತು, ರ್‍ಯಾಂಕ್ ಚೆಕ್ಕರ್ ಬಾಟ್‌ಗಳು ಕಮ್ಮಿ ಆಗಿದ್ದು ಅಷ್ಟೇ. ಅದ್ರ ಹಿಂದಿನ, ಮುಂದಿನ ತಿಂಗಳು ಹೋಲಿಸೋವಾಗ ಕ್ಲಿಕ್ ಮಾತ್ರ ನಂಬಿ.

ತೋಟದಮನೆ:
ಅಪ್‌ಡೇಟ್ ಹಾಕ್ತಿದ್ದೇನೆ, ಎರಡನೇ ಔಷಧಿ ಮುಗಿದ ಮೇಲೆ ಈಗ ಪುರುಸೊತ್ತು. ಟೈಟಲ್, ಎಚ್1, ಮೊದಲ ಪ್ಯಾರಾ ಬದಲಾಯಿಸಿದೆ, ಪಾಪಪ್ ಎರಡೂ ಹೋಯ್ತು, ಫಾಂಟೂ ಹೋಯ್ತು, ಧಾರಣೆ ತೆಗೆದೆ, ದಿನಾ ಕೂತು ರೇಟ್ ಹಾಕೋಕೆ ನನ್ನಿಂದ ಆಗೋದಿಲ್ಲ. ವಾಟ್ಸಾಪ್‌ನವರಿಗೆ ಬೇಡ ಅಂದೆ, ಬ್ಲಾಕೂ ಮಾಡಿದೆ. ಇಂಪ್ರೆಶನ್ ಭಾರೀ ಇಳಿದಿದೆ, ಮೊದಲು ಎದೆ ಧಸಕ್ ಅಂತು, ಆದ್ರೆ ಕೊಳೆರೋಗದ ಕ್ವೆರಿಗಳನ್ನ ಹೋದ ವರ್ಷದ ಇದೇ ವಾರಗಳ ಜೊತೆ ಇಟ್ರೆ ಕ್ಲಿಕ್ ಹೆಚ್ಚುಕಮ್ಮಿ ದುಪ್ಪಟ್ಟು. ಮಳೆಯೂ ಈ ಸಲ ಜೋರು, ಕೊಳೆಯೂ ಜೋರು, ಹಾಗಾಗಿ ಪೂರ್ತಿ ಟೈಟಲ್‌ದೇ ಅಂತ ಹೇಳೋದಿಲ್ಲ. ಪೊಸಿಶನ್ ಸ್ವಲ್ಪವೇ ಮೇಲೆ ಬಂದಿದೆ.

ಒಂದು ಉಳಿದಿದೆ. ರಿಸಲ್ಟಲ್ಲಿ ಟೈಟಲ್ ಕೆಳಗೆ ನಾನು ಬರೆದ ಡಿಸ್ಕ್ರಿಪ್ಶನ್ ಬದಲು ‘ನಮ್ಮ ಗ್ರೂಪ್ ಸೇರಲು ಇಲ್ಲಿ ಒತ್ತಿ, ಷೇರ್ ಮಾಡಿ’ ಅನ್ನೋ ಸಾಲು ಬರ್ತಿದೆ. ಇದಕ್ಕೇನು ಮಾಡೋದು?

ಬೆಂಗ್ಳೂರ್_ಡೆವ್:
ಪಾಪಪ್ ತೆಗೆದ್ರಿ, ಆದ್ರೆ ಆರ್ಟಿಕಲ್ ಮೇಲ್ಗಡೆ ಗ್ರೂಪ್ ಲಿಂಕಿನ ಬಾಕ್ಸ್ ಹಾಗೇ ಇದೆ, ಅದನ್ನೇ ಎತ್ಕೊಂಡಿದೆ. ಡಿಸ್ಕ್ರಿಪ್ಶನ್ ಬರೆದ್ರೂ ಗೂಗಲ್ ಅದನ್ನೇ ತೋರಿಸ್ಬೇಕು ಅಂತಿಲ್ಲ, ಹುಡುಕಾಟಕ್ಕೆ ತಕ್ಕ ಸಾಲು ಪೇಜಿಂದ ತಾನೇ ಆರಿಸುತ್ತೆ. ಆ ಬಾಕ್ಸಿನ ಡಿವ್‌ಗೆ ಡೇಟಾ-ನೋಸ್ನಿಪೆಟ್ ಆಟ್ರಿಬ್ಯೂಟ್ (ಈ ಭಾಗ ರಿಸಲ್ಟಲ್ಲಿ ತೋರಿಸ್ಬೇಡ ಅನ್ನೋ ಗುರುತು) ಹಾಕಿ, ಬಾಕ್ಸನ್ನ ಲೇಖನದ ಕೆಳಗೆ ತಳ್ಳಿ. ಆಮೇಲೆ ಯುಆರ್‌ಎಲ್ ಇನ್‌ಸ್ಪೆಕ್ಷನ್‌ಗೆ ಹೋಗಿ ರಿಕ್ವೆಸ್ಟ್ ಇಂಡೆಕ್ಸಿಂಗ್ ಒಂದ್ಸಲ ಒತ್ತಿ, ಮತ್ತೆ ಮತ್ತೆ ಒತ್ತೋದ್ರಿಂದ ಬೇಗ ಏನೂ ಆಗಲ್ಲ.

ತೋಟದಮನೆ:
ಹಾಕಿದೆ. ಈಗ ‘1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು’ ಅಂತಲೇ ಬರ್ತಿದೆ. ಇನ್ನು ಕಾಳುಮೆಣಸಿನ ಸೊರಗುರೋಗದ ಪೇಜಿಗೆ ಇದೇ ರೀಜೆಕ್ಸ್ ಹಾಕಿ ನೋಡ್ತೇನೆ, ಅದರ ಲಿಸ್ಟ್ ನಾಳೆ ಬೇರೆ ಥ್ರೆಡ್‌ನಲ್ಲಿ ಹಾಕ್ತೇನೆ.