ತೈಚುಂಗ್‌ನಿಂದ ಹುವಾಲಿಯೆನ್‌ಗೆ ಬೆಟ್ಟದ ದಾರಿ: ನಡುವಿನ ತುಂಡು ಇನ್ನೂ ಏಕೆ ಮುಚ್ಚಿದೆ?

ಪ್ರಶ್ನೆ: ಉದ್ಯಾವರದ ಓದುಗಿ

ನಮ್ಮ ಮಗಳು ತೈವಾನಿನ ತೈಚುಂಗ್ ನಗರದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಬರುವ ಜನವರಿಯಲ್ಲಿ ನಾನೂ ನಮ್ಮ ಯಜಮಾನರೂ ಮೂರು ವಾರದ ಮಟ್ಟಿಗೆ ಅವಳಲ್ಲಿಗೆ ಹೋಗುವವರಿದ್ದೇವೆ. ಪಡುವಣ ಬದಿಯ ತೈಚುಂಗ್‌ನಿಂದ ಮೂಡಣ ಕಡಲತಡಿಯ ಹುವಾಲಿಯೆನ್‌ಗೆ ರೈಲಿನಲ್ಲಿ ಉತ್ತರವಾಗಿ ಸುತ್ತಿ ಹೋಗುವ ಬದಲು, ದ್ವೀಪದ ಬೆನ್ನೆಲುಬಿನಂತಿರುವ ಬೆಟ್ಟಸಾಲನ್ನೇ ದಾಟಿ ಹೋಗಬೇಕೆಂಬುದು ನನ್ನ ಆಸೆ. ನಾನು ಹುಟ್ಟಿ ಬೆಳೆದದ್ದು ಹೆಬ್ರಿಯಲ್ಲಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಎಣಿಸುತ್ತ ತೀರ್ಥಹಳ್ಳಿಯ ಅಜ್ಜಿಮನೆಗೆ ಹೋಗುತ್ತಿದ್ದವಳಾದ್ದರಿಂದ ಘಟ್ಟದ ದಾರಿಯೆಂದರೆ ನನಗೆ ಭಯವಿಲ್ಲ, ಪ್ರೀತಿಯೇ ಇದೆ.

ಆದರೆ ನಕ್ಷೆ ನೋಡಿದಾಗ ಒಂದು ಗೊಂದಲ ಹುಟ್ಟಿತು. 8ನೆಯ ಸಂಖ್ಯೆಯ ಹೆದ್ದಾರಿಯು ತೈಚುಂಗ್ ಪಕ್ಕದ ದೊಂಗ್‌ಶಿಯಿಂದ ಹೊರಟು, ಲಿಶಾನ್ ಮೂಲಕ ತರೊಕೊ ಕಮರಿಯನ್ನು ದಾಟಿ ಕಡಲು ಸೇರುವ ಒಂದೇ ಗೆರೆಯಾಗಿ ಕಾಣಿಸುತ್ತದೆ. ಮೊಬೈಲಿನಲ್ಲಿ ದಾರಿ ಕೇಳಿದರೆ ಮಾತ್ರ ಅದು ನಮ್ಮನ್ನು ದಕ್ಷಿಣದ ಪುಲಿ ಎಂಬ ಊರಿಗೆ ಒಯ್ದು ಅಲ್ಲಿಂದ ಮೇಲಕ್ಕೆ ಹತ್ತಿಸುತ್ತದೆ. ನಡುವಿನ ಒಂದು ತುಂಡು 1999ರ ಭೂಕಂಪದಿಂದೀಚೆಗೆ ಮುಚ್ಚಿಕೊಂಡಿದೆ ಎಂದು ಮಗಳ ಸಹಪಾಠಿಗಳು ಹೇಳಿದರಂತೆ. ಅಷ್ಟು ಮುಂದುವರಿದ ನಾಡು ಕಾಲು ಶತಮಾನ ಕಳೆದರೂ ಒಂದು ರಸ್ತೆಯನ್ನು ಏಕೆ ಸರಿಪಡಿಸಿಲ್ಲ? 2018ರ ಆಗಸ್ಟ್‌ನಲ್ಲಿ ಶಿರಾಡಿಯೂ ಸಂಪಾಜೆಯೂ ಒಟ್ಟಿಗೆ ಮುಚ್ಚಿದಾಗ, ಚಾರ್ಮಾಡಿಯಲ್ಲಿ ರಾತ್ರಿಯಿಡೀ ಲಾರಿಗಳ ಸಾಲಿನ ಹಿಂದೆ ಕುಳಿತು ಬೆಂಗಳೂರಿನಿಂದ ಬಂದ ನೆನಪು ನನಗಿನ್ನೂ ಇದೆ. ನಮಗೆ ಕೆಲವು ತಿಂಗಳೇ ಸಹಿಸಲಾಗಲಿಲ್ಲ. ಜೊತೆಗೆ, ಅರುವತ್ತಮೂರು ವರ್ಷದ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ಯಜಮಾನರನ್ನು ಆ ದಾರಿಯಲ್ಲಿ ಕರೆದೊಯ್ಯಬಹುದೇ ಎಂಬುದನ್ನೂ ತಿಳಿದವರು ಹೇಳಬೇಕು.

ಉತ್ತರ 1: ಕದ್ರಿಯಿಂದ

ಅಕ್ಕನವರೆ, ನಾನು ಉದ್ಯೋಗದ ನಿಮಿತ್ತ ನಾಲ್ಕು ವರ್ಷ ಶಿಂಚುವಿನಲ್ಲಿದ್ದೆ. ಮೊಬೈಲು ತೋರಿಸಿದ ದಾರಿಯಲ್ಲಿಯೇ 2017ರಲ್ಲಿ ಸ್ನೇಹಿತರೊಡನೆ ಬೆಟ್ಟ ದಾಟಿದ್ದೇನೆ. ಪುಲಿಯಿಂದ ವುಶೆಗೆ, ಅಲ್ಲಿಂದ ಚಿಂಗ್‌ಜಿಂಗ್ ಎಂಬ ಹುಲ್ಲುಗಾವಲಿನ ಊರಿಗೆ, ಮುಂದೆ ಹೆಹುವಾನ್ ಬೆಟ್ಟದ ಮೈಮೇಲೆ ಹತ್ತಿದರೆ ವುಲಿಂಗ್ ಎಂಬ ಕಣಿವೆದಾರಿ ಸಿಗುತ್ತದೆ. ಅದರ ಎತ್ತರ 3,275 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್ ಎಂಬುದನ್ನು ನೆನೆದರೆ ಕಾರು ಎಲ್ಲಿಗೆ ಹತ್ತುತ್ತದೆಂಬ ಅಂದಾಜು ಬರುತ್ತದೆ. ಅಲ್ಲಿಂದ ಇಳಿದು 2,565 ಮೀಟರ್ ಎತ್ತರದ ದಾಯುಲಿಂಗ್‌ನಲ್ಲಿ 8ನೆಯ ಹೆದ್ದಾರಿಯನ್ನು ಕೂಡಿಕೊಂಡರೆ ಮುಂದಿನದೆಲ್ಲ ಕಡಲಿನವರೆಗೂ ಇಳಿಜಾರು.

ನನಗೆ ಇಂದಿಗೂ ಕಣ್ಣಿಗೆ ಕಟ್ಟಿರುವುದು ಆ ಇಳಿಜಾರಿನ ಕೊನೆಯ ಭಾಗ. ಅಮೃತಶಿಲೆಯ ಬಂಡೆಯ ಹೊಟ್ಟೆಯನ್ನು ಕೊರೆದು ರಸ್ತೆ ಮಾಡಿದ್ದಾರೆ. ತಲೆಯ ಮೇಲೂ ಕಲ್ಲು, ಒಂದು ಪಕ್ಕವೂ ಕಲ್ಲು, ಇನ್ನೊಂದು ಪಕ್ಕಕ್ಕೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ನೇರ ಪ್ರಪಾತ. ಕೆಳಗೆ ಲಿವು ನದಿ ಅಕ್ಕಿ ತೊಳೆದ ನೀರಿನ ಬಣ್ಣದಲ್ಲಿ ಹರಿಯುತ್ತದೆ, ಏಕೆಂದರೆ ಅದು ಕಲ್ಲನ್ನು ಅರೆಯುತ್ತಲೇ ಇರುತ್ತದೆ. ಯಾಂಜಿಕೊ ಎಂಬಲ್ಲಿ ನಮಗೆ ಹೆಲ್ಮೆಟ್ ಕೊಟ್ಟು ನಡೆಯಲು ಬಿಟ್ಟಿದ್ದರು. ಕಾರಿನ ಎಂಜಿನ್ ಆರಿಸಿ ನಿಂತಾಗ ಎಲ್ಲಿಂದಲೋ ಬೆಣಚು ಕಲ್ಲಿನ ಚೂರುಗಳು ಉದುರುವ ಸಣ್ಣ ಸದ್ದು ಕೇಳಿಸಿತು, ಆಗಲೇ ಹೆಲ್ಮೆಟಿನ ಅರ್ಥ ತಿಳಿದದ್ದು.

ಆದರೆ ನಾನು ಕಂಡದ್ದು 2024ಕ್ಕೆ ಮೊದಲಿನ ತರೊಕೊ. ಆ ವರ್ಷದ ಏಪ್ರಿಲ್ 3ರಂದು ಹುವಾಲಿಯೆನ್ ಬಳಿ ಸಂಭವಿಸಿದ ದೊಡ್ಡ ಭೂಕಂಪದಲ್ಲಿ ಕಮರಿಗೆ ತೀವ್ರ ಹಾನಿಯಾಗಿ ರಾಷ್ಟ್ರೀಯ ಉದ್ಯಾನವನ್ನು ಮುಚ್ಚಲಾಯಿತು. ರಸ್ತೆಯಲ್ಲಿ ನಿಗದಿತ ಹೊತ್ತಿಗೆ ಮಾತ್ರ ವಾಹನಗಳನ್ನು ಸಾಲಾಗಿ ಬಿಡುವ ಕ್ರಮವೂ ಬಂದಿತು. ಆದ್ದರಿಂದ ಹೊರಡುವ ಮುನ್ನಾದಿನ ಮತ್ತು ಹೊರಡುವ ಬೆಳಿಗ್ಗೆ, ಎರಡು ಬಾರಿಯೂ ಅಲ್ಲಿನ ಹೆದ್ದಾರಿ ಇಲಾಖೆಯ ಪ್ರಕಟಣೆಯನ್ನು ಮಗಳಿಂದ ಓದಿಸಿಕೊಳ್ಳಿರಿ. ಜನವರಿಯಲ್ಲಿ ಹೆಹುವಾನ್ ಮೇಲೆ ಹಿಮ ಬೀಳುವುದುಂಟು. ಹಿಮ ಬಿದ್ದಾಗ ಚಕ್ರಗಳಿಗೆ ಸರಪಳಿ ಇಲ್ಲದ ವಾಹನವನ್ನು ತಡೆಯುತ್ತಾರೆ.

ಯಜಮಾನರ ವಿಷಯದಲ್ಲಿ ವೈದ್ಯರ ಅಭಿಪ್ರಾಯವೇ ಕೊನೆಯದು. ನನ್ನ ಸಲಹೆ ಇಷ್ಟೇ: ಬಯಲಿನಿಂದ ಒಂದೇ ಓಟದಲ್ಲಿ ಮೂರು ಸಾವಿರ ಮೀಟರ್ ದಾಟದೆ ಚಿಂಗ್‌ಜಿಂಗ್‌ನಲ್ಲಿ ಒಂದು ರಾತ್ರಿ ತಂಗಿರಿ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾಗಿದ್ದವನೇ ವುಲಿಂಗ್‌ನಲ್ಲಿ ತಲೆನೋವಿನಿಂದ ಕಾರಿನೊಳಗೆ ಮಲಗಿಬಿಟ್ಟಿದ್ದ.

ಉತ್ತರ 2: ನಿವೃತ್ತ ಇಂಜಿನಿಯರ್, ಸುರತ್ಕಲ್

ಮುಚ್ಚಿದ ತುಂಡಿನ ಬಗ್ಗೆ ಕೇಳಿದ್ದೀರಿ. ಘಾಟಿ ರಸ್ತೆಗಳ ಕೆಲಸದಲ್ಲೇ ತಲೆ ನರೆತವನಾದ್ದರಿಂದ ನನಗೆ ಇದು ಹತ್ತಿರದ ವಿಷಯ. ಗುಗುವಾನ್‌ನಿಂದ ದೆಜಿ ಅಣೆಕಟ್ಟಿನವರೆಗಿನ ಆ ಭಾಗ ದಾಜಿಯಾ ನದಿಯ ಕಡಿದಾದ ಕಣಿವೆಯಲ್ಲಿದೆ. 1999ರ ಸೆಪ್ಟೆಂಬರ್ 21ರ ಭೂಕಂಪದಲ್ಲಿ ದ್ವೀಪದಾದ್ಯಂತ 2,400ಕ್ಕೂ ಹೆಚ್ಚು ಜನ ಸತ್ತರು. ಇದೇ ನದಿಯ ಕೆಳಭಾಗದಲ್ಲಿರುವ ಶಿಗಾಂಗ್ ಅಣೆಕಟ್ಟು ಭೂಮಿಯ ಬಿರುಕಿನ ಮೇಲೆಯೇ ಇದ್ದುದರಿಂದ ಮುರಿದುಹೋಯಿತು. ಮೇಲ್ಭಾಗದ ಕಣಿವೆಯಲ್ಲಿ ಗುಡ್ಡಗಳು ಸಾಲುಸಾಲಾಗಿ ಜರಿದವು. ಹಾಗೆಂದು ಸರಕಾರ ಕೈಕಟ್ಟಿ ಕುಳಿತಿರಲಿಲ್ಲ, ವರ್ಷಗಟ್ಟಲೆ ದುರಸ್ತಿ ಮಾಡಿಸಿತು. ಆ ಕೆಲಸ ಮುಗಿಯುವ ಹಂತದಲ್ಲಿದ್ದಾಗ 2004ರ ಜುಲೈಯಲ್ಲಿ ಮಿಂಡುಲೆ ಚಂಡಮಾರುತದ ಮಳೆ ಬಂದು ಎಲ್ಲವನ್ನೂ ಕೊಚ್ಚಿಕೊಂಡು ಹೋಯಿತು. ಚಿಂಗ್‌ಶಾನ್‌ನ ಭೂಗತ ಜಲವಿದ್ಯುತ್ ಸ್ಥಾವರದೊಳಕ್ಕೂ ನೆರೆ ನುಗ್ಗಿತು.

ಇಲ್ಲಿ ಗಮನಿಸಬೇಕಾದದ್ದು ಕಾರಣದ ಸರಪಳಿ. ಭೂಕಂಪವು ಗುಡ್ಡವನ್ನು ಆ ದಿನ ಬೀಳಿಸುವುದಷ್ಟೇ ಅಲ್ಲದೆ, ಬೀಳದೆ ಉಳಿದ ಬಂಡೆಯನ್ನೂ ಒಳಗೊಳಗೆ ಬಿರಿಯುವಂತೆ ಮಾಡುತ್ತದೆ. ಹಾಗಾಗಿ ಮೊದಲು ತಡೆಯುತ್ತಿದ್ದ ಮಳೆಯನ್ನು ಆ ಇಳಿಜಾರು ಮುಂದೆ ಹಲವು ವರ್ಷ ತಡೆಯಲಾರದು. ಜರಿದ ಕಲ್ಲುಮಣ್ಣು ಹೊಳೆಗೆ ಬಿದ್ದು ಪಾತ್ರವೇ ಮೇಲೇರುತ್ತದೆ, ಪಾತ್ರ ಏರಿದರೆ ನೆರೆ ರಸ್ತೆಯ ಮಟ್ಟಕ್ಕೆ ಬಂದು ಅದರ ಬುಡವನ್ನು ಕೊರೆಯುತ್ತದೆ. ಮೇಲಿನಿಂದ ಗುಡ್ಡ, ಕೆಳಗಿನಿಂದ ಹೊಳೆ, ಎರಡೂ ಒಟ್ಟಿಗೆ ಕೈಹಾಕಿದರೆ ತಡೆಗೋಡೆ ಎಷ್ಟು ದಪ್ಪವಾಗಿದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಸಾರ್ವಜನಿಕ ಹೆದ್ದಾರಿಯನ್ನು ಹಿಂದಿನಂತೆ ತೆರೆಯದೆ, ಲಿಶಾನ್ ಕಡೆಯ ನಿವಾಸಿಗಳ ವಾಹನಗಳಿಗೂ ಒಂದು ಸಣ್ಣ ಬಸ್ಸಿಗೂ ಮಾತ್ರ ತಾತ್ಕಾಲಿಕ ದಾರಿಯನ್ನು ಕಾಪಾಡಿಕೊಂಡು ಬಂದರು. ಇದನ್ನು ಸೋಲೆಂದು ನಾನು ಒಪ್ಪುವುದಿಲ್ಲ, ನನ್ನ ದೃಷ್ಟಿಯಲ್ಲಿ ಇದೂ ಇಂಜಿನಿಯರಿಂಗ್ ನಿರ್ಧಾರವೇ. ಸೇಬು, ಪೇರು, ಎಲೆಕೋಸು ಬೆಳೆಯುವ ಲಿಶಾನ್ ರೈತರು ಸುತ್ತು ದಾರಿಯಲ್ಲಿ ಮಾಲು ಸಾಗಿಸಿ ಅದರ ಬೆಲೆ ತೆತ್ತಿದ್ದಾರೆ ಎಂಬುದನ್ನೂ ಮರೆಯಬಾರದು.

ದಕ್ಷಿಣದ ಇನ್ನೊಂದು ಅಡ್ಡ ಹೆದ್ದಾರಿಯ ಕಥೆಯೂ ಇದಕ್ಕೆ ಹತ್ತಿರದ್ದು. 2009ರ ಆಗಸ್ಟ್‌ನಲ್ಲಿ ಮೊರಾಕೊಟ್ ಚಂಡಮಾರುತ ಆಲಿಶಾನ್ ಮೇಲೆ ಮೂರ್ನಾಲ್ಕು ದಿನಗಳಲ್ಲಿ 2,700 ಮಿ.ಮೀ.ಗೂ ಹೆಚ್ಚು ಮಳೆ ಸುರಿಸಿತು. ಆಗುಂಬೆಯ ಇಡೀ ಜುಲೈ ತಿಂಗಳ ಮಳೆ ಅರ್ಧ ವಾರದಲ್ಲಿ ಬಿದ್ದಂತೆ ಎಂದುಕೊಳ್ಳಿ. ಆಗ ಮುಚ್ಚಿದ ರಸ್ತೆ ಪೂರ್ತಿ ತೆರೆದದ್ದು 2022ರ ಮೇ 1ರಂದು.

ನಮ್ಮಲ್ಲಿ ಅಂತಹ ಭೂಕಂಪಗಳಿಲ್ಲ. ಶಿರಾಡಿಯಲ್ಲಿಯೂ ಕೊಡಗಿನ ಇಳಿಜಾರಿನಲ್ಲಿಯೂ ಹಳೆಯ ಗಟ್ಟಿಕಲ್ಲಿನ ಮೇಲೆ ಕೊಳೆತ ಕಲ್ಲಿನ ದಪ್ಪ ಮಣ್ಣು ಕುಳಿತಿದೆ. ರಸ್ತೆ ಅಗಲ ಮಾಡಲು ಧರೆಯನ್ನು ನೆಟ್ಟಗೆ ಕಡಿದು, ಮೇಲಿನ ನೀರಿಗೆ ಕಣಿ ಮಾಡದೆ ಬಿಟ್ಟರೆ ಆ ಮಣ್ಣು ನೀರು ಕುಡಿದು ಜಾರುತ್ತದೆ. ಧರೆಯ ಬುಡದ ಒರತೆಯಲ್ಲಿ ತಿಳಿನೀರು ಬರುತ್ತಿದ್ದದ್ದು ಕೆಂಪಗಾದರೆ ಒಳಗಿನ ಮಣ್ಣು ಕರಗುತ್ತಿದೆ ಎಂದೇ ಅರ್ಥ. ಅದನ್ನು ನೋಡಲು ಮಳೆಗಾಲದಲ್ಲಿ ದಿನವೂ ಒಬ್ಬರು ನಡೆದು ಹೋಗಬೇಕು. 2018ರಲ್ಲಿ ಕಾಂಕ್ರೀಟು ಹಾಸಿ ತೆರೆದ ಶಿರಾಡಿ ರಸ್ತೆ ಅದೇ ಮಳೆಗಾಲದಲ್ಲಿ ಮತ್ತೆ ಮುಚ್ಚಿತು. ಕಾಂಕ್ರೀಟು ಗಟ್ಟಿಯಾಗಿಯೇ ಇತ್ತು, ಜರಿದದ್ದು ಅದರ ಪಕ್ಕದ ಗುಡ್ಡ.

ಉತ್ತರ 3: ಇತಿಹಾಸ ಉಪನ್ಯಾಸಕಿ, ಕುಂದಾಪುರ

ಮೇಲಿನವರು ಗುಡ್ಡದ ಮಾತು ಹೇಳಿದರು, ನಾನು ಕಡಿದವರ ಮಾತು ಸೇರಿಸುತ್ತೇನೆ. ಈ ಹೆದ್ದಾರಿಯ ಕೆಲಸ 1956ರ ಜುಲೈಯಲ್ಲಿ ಆರಂಭವಾಗಿ 1960ರ ಮೇ 9ರಂದು ಸಂಚಾರಕ್ಕೆ ತೆರೆಯಿತು. ಚೀನಾದ ಮುಖ್ಯಭೂಮಿಯಲ್ಲಿ ಸೋತು 1949ರ ಸುಮಾರಿಗೆ ದ್ವೀಪಕ್ಕೆ ಬಂದಿದ್ದ ಸೇನೆಯ ನಿವೃತ್ತ ಸೈನಿಕರೇ ಇಲ್ಲಿ ಹೆಚ್ಚಾಗಿ ದುಡಿದವರು. ನಿವೃತ್ತ ಸೈನಿಕರ ಆಯೋಗದ ಹೊಣೆ ಹೊತ್ತಿದ್ದ ಚಿಯಾಂಗ್ ಚಿಂಗ್-ಕುವೊ ಈ ಕೆಲಸವನ್ನು ನಡೆಸಿದರು. ಅವರು ಮುಂದೆ ಅಧ್ಯಕ್ಷರೂ ಆದರು. ಹಗ್ಗಕ್ಕೆ ಸೊಂಟ ಕಟ್ಟಿಕೊಂಡು ಬಂಡೆಗೆ ಜೋತುಬಿದ್ದು, ಸುತ್ತಿಗೆ, ಉಳಿ, ಸಿಡಿಮದ್ದುಗಳಿಂದ ಕಡಿದ ದಾರಿ ಇದು. 200ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ತರೊಕೊ ಬಾಗಿಲಿನ ಬಳಿ ಜಲಪಾತದ ಮೇಲೆ ಅವರಿಗಾಗಿ ಕಟ್ಟಿದ ಚಾಂಗ್‌ಚುನ್ ಗುಡಿಯೇ 1979 ಮತ್ತು 1987ರಲ್ಲಿ ಕುಸಿತಕ್ಕೆ ಸಿಕ್ಕಿ, ಮತ್ತೆ ಕಟ್ಟಬೇಕಾಯಿತು.

ಸೈನಿಕರಿಗೂ ಮೊದಲು ಆ ಬೆಟ್ಟಗಳಲ್ಲಿ ಬೇಟೆಯ ಕಾಲುದಾರಿಗಳಿದ್ದವು. ತರೊಕೊ ಎಂಬ ಹೆಸರು ಬಂದದ್ದು ಅಲ್ಲಿನ ತ್ರುಕು ಜನರಿಂದ. 1914ರಲ್ಲಿ, ಆಗ ದ್ವೀಪವನ್ನು ಆಳುತ್ತಿದ್ದ ಜಪಾನೀಯರು ದೊಡ್ಡ ಸೇನೆಯೊಡನೆ ಅವರ ಮೇಲೆ ಯುದ್ಧ ಮಾಡಿ ಬೆಟ್ಟಗಳನ್ನು ಹಿಡಿತಕ್ಕೆ ತೆಗೆದುಕೊಂಡರು. ದಾರಿಯಲ್ಲಿ ತ್ರುಕು ಕುಟುಂಬಗಳು ನಡೆಸುವ ಊಟದ ಮನೆ ಸಿಕ್ಕಿದರೆ ದಯವಿಟ್ಟು ಅಲ್ಲಿಯೇ ಊಟ ಮಾಡಿರಿ. 2024ರ ಭೂಕಂಪದ ನಂತರ ಪ್ರವಾಸಿಗಳಿಲ್ಲದೆ ಕಷ್ಟಪಟ್ಟವರಲ್ಲಿ ಅವರೂ ಇದ್ದಾರೆ.

ಉದ್ಯಾವರದ ಓದುಗಿ

ಮೂವರಿಗೂ ಮನಃಪೂರ್ವಕ ವಂದನೆಗಳು. ಇಂಜಿನಿಯರ್ ಅವರ ಉತ್ತರವನ್ನು ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮುಚ್ಚಿದ ದಾರಿಯ ಬಗ್ಗೆ ನಾನು ಬರೆದ ಮಾತು ಅವಸರದ್ದಾಯಿತೆಂದು ಈಗ ಅನ್ನಿಸುತ್ತಿದೆ. ಚಿಂಗ್‌ಜಿಂಗ್‌ನಲ್ಲಿ ಎರಡು ರಾತ್ರಿ ತಂಗುವುದೆಂದು ನಿಶ್ಚಯಿಸಿದ್ದೇವೆ. ವೈದ್ಯರನ್ನು ಬರುವ ಸೋಮವಾರ ಕಾಣುತ್ತೇವೆ. ದಾರಿ ಬಿಡದಿದ್ದರೆ ಹಿಂದಿರುಗಿ ರೈಲಿನಲ್ಲಿಯೇ ಹುವಾಲಿಯೆನ್‌ಗೆ ಹೋಗಲೆಂದು ಮಗಳು ಟಿಕೇಟಿನ ವಿಚಾರಣೆಯನ್ನೂ ಮಾಡಿಟ್ಟಿದ್ದಾಳೆ. ಚಾಂಗ್‌ಚುನ್ ಗುಡಿಯ ಹತ್ತಿರಕ್ಕೆ ಈಗ ಜನರನ್ನು ಬಿಡುತ್ತಾರೆಯೇ ಎಂದು ವಿಚಾರಿಸಲೂ ಅವಳಿಗೆ ಹೇಳಿದ್ದೇನೆ. ಬಿಡದಿದ್ದರೆ ರಸ್ತೆಯಿಂದಲೇ ಕೈಮುಗಿದು ಬರುತ್ತೇವೆ.